ದಂತಧಾವನದ ಎರಡನೆಯ ವೇಳೆ

ಬೆಳಗಾದೊಡನೆ ಹಲ್ಲುಜ್ಜದೆ ಒಂದು ಗುಟುಕು ಕಾಫಿಯನ್ನೂ ಮುಟ್ಟಗೊಡದ ಮನೆಗಳು ನಮ್ಮಲ್ಲಿ ಇಂದಿಗೂ ಬಹಳವಾಗಿವೆ. ಇದು ಸ್ತುತ್ಯವಾದ ಆಚಾರವೇ ಸರಿ. ಆದರೆ ಅದೇ ಮನೆಗಳಲ್ಲಿ ರಾತ್ರಿ ಸಕ್ಕರೆ ಬೆರೆಸಿದ ಹಾಲು ಕುಡಿದು, ಬಾಯನ್ನು ಸಹ ಮುಕ್ಕಳಿಸದೆ ಮಲಗುವ ಮಕ್ಕಳೆಷ್ಟು ಮಂದಿ! ದಂತಧಾವನವು ಪ್ರಾತಃಕಾಲಕ್ಕೆ ಮಾತ್ರ ಸೇರಿದ ಕರ್ಮವೆಂಬ ಭಾವನೆಯೇ ಇದಕ್ಕೆ ಕಾರಣವು.

ನಮ್ಮ ಪ್ರಾಚೀನ ವೈದ್ಯಗ್ರಂಥಗಳ ಮತವು ಹೀಗಿಲ್ಲ. ಚರಕಸಂಹಿತೆಯ ಸೂತ್ರಸ್ಥಾನವು ಇದಕ್ಕೆ ಎರಡು ವೇಳೆಗಳನ್ನು ವಿಧಿಸುತ್ತದೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಬೆಳಗ್ಗೆ ಒಮ್ಮೆ, ಉಂಡ ಮೇಲೆ ಮತ್ತೊಮ್ಮೆ ಎಂದು ಬಿಡಿಸಿ ಹೇಳಿದ್ದಾನೆ. ಕಡ್ಡಿಯು 12 ಅಂಗುಲ ಉದ್ದವೂ ಕಿರುಬೆರಳಿನಷ್ಟು ದಪ್ಪವೂ ಇರಬೇಕೆಂಬುದು ಸುಶ್ರುತನ ಅಳತೆ. ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂಬುದು ಅವನ ನಿರ್ಣಯ. ವಸಡು ನೋಯದಂತೆ ಉಜ್ಜಬೇಕೆಂಬ ಎಚ್ಚರಿಕೆಯನ್ನು ಮೂವರೂ ಕೊಟ್ಟಿದ್ದಾರೆ. ಕೆಲವು ತಿಥಿಗಳಲ್ಲಿ ಕಡ್ಡಿಯನ್ನು ನಿಷೇಧಿಸಿದ ಧರ್ಮಶಾಸ್ತ್ರಕಾರರು ಸಹ, ಆ ದಿನ 12 ಬಾರಿ ನೀರು ಮುಕ್ಕಳಿಸಿ ಬಾಯನ್ನು ಶುದ್ಧಿಮಾಡಿಕೊಳ್ಳತಕ್ಕದ್ದೆಂದರು. ವಿರಾಮವು ಕಡ್ಡಿಗೇ ಹೊರತು ಶೌಚಕ್ಕಲ್ಲ.

ಈ ಎರಡನೆಯ ವೇಳೆಯ ಮಹತ್ವವನ್ನು ಈಗಿನ ವೈದ್ಯವು ಇನ್ನೂ ಸ್ಪಷ್ಟಪಡಿಸಿದೆ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಉಂಡು ಆಮ್ಲವನ್ನು ಹುಟ್ಟಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಹಗಲಿನಲ್ಲಿ ಜೊಲ್ಲು ಅದನ್ನು ತೊಳೆದು ಹಲ್ಲನ್ನು ಕಾಯುವುದು. ನಿದ್ರೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದ ಆ ಕಾವಲು ತಪ್ಪುತ್ತದೆ. ಒಮ್ಮೆ ಕುಳಿಬಿದ್ದ ಕವಚವು ಮೂಳೆಯಂತೆ ಮತ್ತೆ ಬೆಳೆಯಲಾರದು.

“ಹಾಲುಹಲ್ಲು ತಾನೇ, ಬಿದ್ದುಹೋಗುವುದು ಬಿಡಿ” ಎನ್ನುವ ಹಿರಿಯರುಂಟು. ಹಾಲುಹಲ್ಲುಗಳು 20, ಸುಮಾರು ಆರನೆಯ ವರ್ಷದಲ್ಲಿ ಅವುಗಳ ಹಿಂದೆ ಯಾವ ಹಲ್ಲೂ ಬೀಳದೆಯೇ ಹೊಸ ದವಡೆಹಲ್ಲುಗಳು ಮೂಡುತ್ತವೆ. ಇವು ಶಾಶ್ವತದ ಹಲ್ಲುಗಳು. ಇವನ್ನೂ ಹಾಲುಹಲ್ಲೆಂದೇ ಭ್ರಮಿಸಿ ಉಪೇಕ್ಷಿಸಿದರೆ, ಮಗುವು ಎಪ್ಪತ್ತು ವರ್ಷ ಅಗಿಯಬೇಕಾದ ಹಲ್ಲನ್ನು ಹತ್ತನೆಯ ವರ್ಷದೊಳಗೆ ಕಳೆದುಕೊಂಡೀತು.

ಸಾಧನಗಳ ವಿಷಯದಲ್ಲಿ ಒಂದೆರಡು ಮಾತು. ಇದ್ದಿಲು, ಇಟ್ಟಿಗೆಪುಡಿ, ಹರಳುಪ್ಪುಗಳು ಹಲ್ಲನ್ನು ಬೆಳ್ಳಗೆ ತೋರಿಸಿದರೂ ಕವಚವನ್ನು ಸವೆಯಿಸುತ್ತವೆ. ವಸಡಿಗೆ ನಶ್ಯ ತಿಕ್ಕುವ ಅಭ್ಯಾಸವು ಬಾಯಿಯ ಹುಣ್ಣಿಗೂ ಅರ್ಬುದಕ್ಕೂ ದಾರಿ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಗಳನ್ನು ಭಾರತ ಸರ್ಕಾರವು 1992ರಲ್ಲೇ ನಿಷೇಧಿಸಿದೆ. ಬೇವಿನ ಕಡ್ಡಿಯನ್ನು ಬಲ್ಲವರು ಅದನ್ನು ಬಿಡಬೇಕಾದುದಿಲ್ಲ. ಆದರೆ ಮಕ್ಕಳಿಗೆ ಮೃದುವಾದ ಬ್ರಷ್ಷೂ ಫ್ಲೋರೈಡ್ ಇರುವ ಪೇಸ್ಟೂ ಲೇಸು. ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ಅದನ್ನು ನುಂಗದೆ ಉಗುಳುವುದನ್ನು ಕಲಿಸಬೇಕು. ಏಳೆಂಟು ವರ್ಷಗಳವರೆಗೆ ಮಗುವಿನ ಕೈಗೆ ಬ್ರಷ್ಷನ್ನು ಕೊಟ್ಟು ಸುಮ್ಮನಿರದೆ, ತಾಯಿಯೋ ತಂದೆಯೋ ಎರಡು ನಿಮಿಷ ನಿಂತು ಒಳಗಿನ ದವಡೆಯವರೆಗೆ ತಾವೇ ಉಜ್ಜಬೇಕು.

ಇದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ. ಹಾಲನ್ನು ಊಟದೊಡನೆಯೇ ಕೊಟ್ಟು, ಅನಂತರ ಹಲ್ಲುಜ್ಜಿಸಿ, ಬೆಳಗಿನವರೆಗೆ ನೀರನ್ನಲ್ಲದೆ ಬೇರೇನನ್ನೂ ಕೊಡದಿದ್ದರಾಯಿತು. ಗೃಹಸ್ಥರು ಇದನ್ನು ಈ ರಾತ್ರಿಯಿಂದಲೇ ಆರಂಭಿಸಬಹುದು.