‘ಮಾಹಿತಿ ನಮ್ಮಲ್ಲಿಲ್ಲ’ ಎಂಬ ಉತ್ತರ ಸದನಕ್ಕೆ ಸಾಕೇ?

ಸ್ಕಾಟ್ಲೆಂಡ್ ಸಂಸತ್ತಿನ 129 ಸದಸ್ಯರಲ್ಲಿ ಯಾರು ಬೇಕಾದರೂ ಸರ್ಕಾರಕ್ಕೆ ಲಿಖಿತ ಪ್ರಶ್ನೆ ಹಾಕಬಹುದು. ಅಧಿವೇಶನದ ಕಾಲದಲ್ಲಿ ಸಾಮಾನ್ಯವಾಗಿ 10 ಕೆಲಸದ ದಿನಗಳೊಳಗೆ ಉತ್ತರ ಬರಬೇಕು. ಬರುತ್ತದೆ ಕೂಡ. ಆದರೆ ಆಸ್ಪತ್ರೆ, ಶಾಲೆ, ಪೊಲೀಸರ ಬಗ್ಗೆ ಕೇಳಿದಾಗ ಎಷ್ಟೋ ಸಲ ಸಿಗುವುದು ಇಷ್ಟೇ: ಈ ಮಾಹಿತಿ ಸರ್ಕಾರದ ಬಳಿ ಒಟ್ಟಾಗಿ ಇಲ್ಲ, ಸಂಬಂಧಪಟ್ಟ ಸಂಸ್ಥೆಯನ್ನು ಕೇಳಿ. ನಮ್ಮ ಸದನಗಳಲ್ಲಿ ಕೇಳಿಬರುವ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ಯ ದಾಯಾದಿ ಇದು.

ಪರ

ಇದನ್ನು ನುಣುಚಿಕೊಳ್ಳುವ ಜಾಣತನವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ಶಾಲೆಗಳನ್ನು ನಡೆಸುವ 32 ಸ್ಥಳೀಯ ಸಂಸ್ಥೆಗಳಿಗೆ ತಮ್ಮದೇ ಮತದಾರರಿದ್ದಾರೆ. ಗ್ಲಾಸ್ಗೋದ ಪ್ರತಿ ಶಾಲೆಯ ಪ್ರತಿ ಲೆಕ್ಕವೂ ಎಡಿನ್‌ಬರಾದ ಸಚಿವಾಲಯದಲ್ಲಿರಬೇಕೆಂದರೆ, ಲೆಕ್ಕ ಕೇಳುವವರೇ ನಾಳೆ ಯಜಮಾನರಾಗುತ್ತಾರೆ. 2013ರಲ್ಲಿ ಎಂಟು ಪಡೆಗಳನ್ನು ಕೂಡಿಸಿ ‘ಪೊಲೀಸ್ ಸ್ಕಾಟ್ಲೆಂಡ್’ ಕಟ್ಟಿದಾಗ, ನಿರ್ದಿಷ್ಟ ಕಾರ್ಯಾಚರಣೆಗಳಲ್ಲಿ ಸಚಿವರು ಕೈಯಾಡಿಸದಂತೆ ಕಾನೂನೇ ಬೇಲಿ ಹಾಕಿತು. ಅಂಥ ವಿಷಯದಲ್ಲಿ ‘ಪೊಲೀಸರನ್ನೇ ಕೇಳಿ’ ಎನ್ನುವುದು ಸರಿಯಾದ ಉತ್ತರವೇ. ಸುಮಾರು 22 ಸಾವಿರ ಜನರಿರುವ ಆರ್ಕ್ನಿ ದ್ವೀಪಗಳಲ್ಲಿ ಅಪರೂಪದ ಕಾಯಿಲೆಯೊಂದರ ಅಂಕಿ ಕೊಟ್ಟರೆ, ರೋಗಿ ಯಾರೆಂದು ನೆರೆಯವರು ಊಹಿಸಿಬಿಡಬಹುದು ಎಂಬ ಆತಂಕವೂ ಸುಳ್ಳಲ್ಲ.

ವಿರೋಧ

ಇಷ್ಟನ್ನು ಒಪ್ಪಿಕೊಂಡರೂ, ಆರೋಗ್ಯ ಸೇವೆಯ ಬಾಗಿಲಿಗೆ ಬಂದಾಗ ಈ ವಾದ ಕುಸಿಯುತ್ತದೆ. ಸ್ಥಳೀಯ ಸಂಸ್ಥೆಗಳಂತೆ 14 ಪ್ರಾದೇಶಿಕ ಆರೋಗ್ಯ ಮಂಡಳಿಗಳನ್ನು ಜನ ಚುನಾಯಿಸುವುದಿಲ್ಲ. ಅವುಗಳ ಅಧ್ಯಕ್ಷರನ್ನು ನೇಮಿಸುವವರು ಸಚಿವರು, ಹಣ ಕೊಡುವುದು ಸರ್ಕಾರ, ನಿರ್ದೇಶನ ನೀಡುವ ಅಧಿಕಾರವೂ ಸಚಿವರಿಗೇ ಇದೆ. ತಾವೇ ನೇಮಿಸಿದವರತ್ತ ಬೆರಳು ತೋರಿಸಿ ‘ಅವರನ್ನು ಕೇಳಿ’ ಎಂದರೆ, ಮನೆಯ ಯಜಮಾನ ಅಡುಗೆಯವನನ್ನು ಮುಂದೆ ತಳ್ಳಿದಂತೆ. ಲೆಕ್ಕ ತರಿಸುವ ಶಕ್ತಿ ಇಲ್ಲವೆಂದೂ ಅಲ್ಲ. ಯೋಜಿತ ಚಿಕಿತ್ಸೆ 12 ವಾರಗಳೊಳಗೆ ಸಿಗಬೇಕೆಂದು 2011ರ ರೋಗಿಗಳ ಹಕ್ಕು ಕಾಯ್ದೆ ಭರವಸೆ ಕೊಟ್ಟಿತು. ತುರ್ತು ವಿಭಾಗಕ್ಕೆ ಬಂದವರಲ್ಲಿ ಶೇ. 95 ಮಂದಿಯನ್ನು ನಾಲ್ಕು ಗಂಟೆಯೊಳಗೆ ನೋಡಿ ಮುಗಿಸಬೇಕೆಂಬ ಗುರಿಯೂ ಇದೆ. ಇವೆರಡರ ಅಂಕಿಗಳು ಮಂಡಳಿವಾರು ಪ್ರಕಟವಾಗುತ್ತಲೇ ಇವೆ. ಅಂದರೆ ಎಣಿಸಬೇಕೆಂದುಕೊಂಡದ್ದನ್ನು ಎಣಿಸುತ್ತಾರೆ. ಏನನ್ನು ಎಣಿಸದೆ ಬಿಟ್ಟಿದ್ದಾರೆ ಎಂಬುದೇ ರಾಜಕೀಯ ನಿರ್ಧಾರ, ಸದನ ಪ್ರಶ್ನಿಸಬೇಕಾದದ್ದೂ ಅದನ್ನೇ.

ಖರ್ಚು ಹೆಚ್ಚಾಗುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ, ಆದರೆ ಉತ್ತರ ಕೊಡದಿದ್ದರೆ ಆ ಖರ್ಚು ಉಳಿಯುವುದಿಲ್ಲ. ಸದಸ್ಯರು 2002ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ 14 ಮಂಡಳಿಗಳಿಗೂ ಅರ್ಜಿ ಹಾಕಬೇಕಾಗುತ್ತದೆ, 14 ಕಚೇರಿಗಳು ಬೇರೆ ಬೇರೆಯಾಗಿ ಕಡತ ಬಿಚ್ಚುತ್ತವೆ. ಒಂದೇ ನಮೂನೆಯಲ್ಲಿ ಕೇಳದ ಕಾರಣ ಬಂದ ಅಂಕಿಗಳು ಒಂದಕ್ಕೊಂದು ಹೊಂದುವ ಖಾತರಿಯೂ ಇಲ್ಲ. ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಅರ್ಜಿ ಹಾಕಿದ ಸಾಮಾನ್ಯ ನಾಗರಿಕನಿಗೆ 20 ಕೆಲಸದ ದಿನಗಳೊಳಗೆ ಉತ್ತರ ಬರಬೇಕು. ‘ಮಾಹಿತಿ ಇಲ್ಲ’ ಎಂದರೆ ಆತ ಮರುಪರಿಶೀಲನೆ ಕೋರಬಹುದು, ಕೊನೆಗೆ ಮಾಹಿತಿ ಆಯುಕ್ತರ ಮೊರೆಹೋಗಬಹುದು. ಜನಪ್ರತಿನಿಧಿಯ ಲಿಖಿತ ಪ್ರಶ್ನೆಗೆ ಅಂಥ ಮೇಲ್ಮನವಿಯ ದಾರಿಯಿಲ್ಲ. ಇನ್ನೊಂದು ಪ್ರಶ್ನೆ ಹಾಕಬೇಕು, ಮತ್ತೆ ಕಾಯಬೇಕು.

14 ಕಡೆಯಿಂದ ತರಿಸಲು ಹತ್ತು ದಿನ ಸಾಲದು ಎನ್ನಬಹುದು. ಸಾಲದಿದ್ದರೆ ತಾತ್ಕಾಲಿಕ ಉತ್ತರ ಕೊಟ್ಟು, ಪೂರ್ಣ ಉತ್ತರದ ದಿನಾಂಕ ತಿಳಿಸಲಿ. ಸ್ಥಳೀಯ ಸಂಸ್ಥೆ ಮತ್ತು ಪೊಲೀಸರ ವಿಷಯದಲ್ಲಿ ‘ಅಲ್ಲಿ ಕೇಳಿ’ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಆರೋಗ್ಯ ಮಂಡಳಿಗಳ ವಿಷಯದಲ್ಲಿ ಮಾತ್ರ ಆ ಉತ್ತರವನ್ನು ಸದನ ಉತ್ತರವೆಂದು ಸ್ವೀಕರಿಸಬಾರದು.