ಮೊದಲು ಬ್ರೇಕು, ಆಮೇಲೆ ಬಣ್ಣ

ಚೌಮಹಲ್ಲಾ ಅರಮನೆಯ 1912ರ ಹಳದಿ ರೋಲ್ಸ್‌ರಾಯ್ಸ್ ಕಂಡು ಬಂದಂದಿನಿಂದ ನಮ್ಮ ಹೈದರಾಬಾದ್ ಬಳಗದ ತರುಣರೊಬ್ಬರಿಗೆ ಹಳೆಯ ಕಾರೊಂದನ್ನು ಬದುಕಿಸುವ ಹಂಬಲ. ಅವರ ಕಣ್ಣು ಬಿದ್ದಿರುವುದು ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಹೊರತಂದಿದ್ದ ಎರಡು ಆಸನಗಳ 'ಸ್ಟಾರ್ಮ್' ಮೇಲೆ.

ಮೊದಲ ಪ್ರಯತ್ನಕ್ಕೆ ಆಯ್ಕೆ ಕೆಟ್ಟದ್ದಲ್ಲ. ಅದರ ಮೈ ಫೈಬರ್‌ಗ್ಲಾಸಿನದು, ತುಕ್ಕು ಹಿಡಿಯದು. ಆದರೆ ಆ ಹೊಳಪೇ ಕಣ್ಣುಕಟ್ಟಬಲ್ಲದು. ಅಡಿಯ ಉಕ್ಕಿನ ಭಾಗಗಳಿಗೆ ಆ ವರವಿಲ್ಲ. ಕೊಳ್ಳುವ ಮುನ್ನ ಕಾರಿನಡಿ ಮಲಗಿ ನೋಡಬೇಕು.

ಕಾಗದಪತ್ರವೂ ಮುಖ್ಯ. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ವಿಂಟೇಜ್ ನೋಂದಣಿ ಇದಕ್ಕೆ ಸಲ್ಲದು. 15 ವರ್ಷ ಕಳೆದ ಕಾರಿಗೆ ನೋಂದಣಿ ನವೀಕರಣವಾಗಲೇಬೇಕು. ಆರ್‌ಸಿ ಇಲ್ಲದ ಕಾರು ಎಷ್ಟೇ ಅಗ್ಗವಾದರೂ ಬೇಡ.

ನನ್ನ ಮುಖ್ಯ ವಾದ ಇಷ್ಟೇ: ಎಲ್ಲವನ್ನೂ ಒಮ್ಮೆಗೇ ಬಿಚ್ಚಬಾರದು. ಮೊದಲು ಬ್ರೇಕು, ಪೆಟ್ರೋಲ್ ಕೊಳವೆ, ರೇಡಿಯೇಟರು. ಕಾರು ಓಡಾಡುವಂತಾದ ಮೇಲೆ ಬಣ್ಣ. ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಸ್ಪ್ಯಾನರ್ ಹಚ್ಚಬಾರದು. ಬಿಚ್ಚಿ ಗುಡ್ಡೆ ಹಾಕಿದ ಕಾರು ಬಹುಪಾಲು ಗುಡ್ಡೆಯಾಗಿಯೇ ಉಳಿದು ಗುಜರಿ ಸೇರುತ್ತದೆ. ಇಷ್ಟು ವರ್ಷ ಯಾರದೋ ಅಲಕ್ಷ್ಯವನ್ನು ತಾಳಿಕೊಂಡು ಬಂದ ಕಾರು ನಮ್ಮ ಆತುರದ ಅಕ್ಕರೆಗೆ ಬಲಿಯಾಗಬಾರದು.