ಗೋದಲಿಗೆ ಅಂಕ ಕೊಡುವವರೇ, ಸ್ವಲ್ಪ ನಿಲ್ಲಿ

ಹೋದ ಕ್ರಿಸ್ಮಸ್‌ಗೆ ನಮ್ಮ ಚರ್ಚಿನ ಗೋದಲಿ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನನ್ನಾಗಿ ಮಾಡಿದ್ದರು. ಮುಂಬಯಿಯ ಪಶ್ಚಿಮ ಉಪನಗರದ ಒಂದು ಚರ್ಚು, ಹೆಸರು ಬೇಡ. ಗೋದಲಿ ಎಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿ; ಕ್ರಿಸ್ಮಸ್ ಸಮಯದಲ್ಲಿ ನಮ್ಮವರ ಮನೆಮನೆಗಳಲ್ಲಿ ಕಟ್ಟುತ್ತಾರೆ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದವನು, ಲೆಕ್ಕ ನೆಟ್ಟಗೆ ಇಡುತ್ತಾನೆ ಎಂಬ ನಂಬಿಕೆಯಿಂದ ನನ್ನನ್ನು ಕರೆದಿರಬೇಕು. ಕೈಗೆ ಒಂದು ಹಾಳೆ ಕೊಟ್ಟರು. ಅಂದಕ್ಕೆ 40 ಅಂಕ, ದೀಪಾಲಂಕಾರಕ್ಕೆ 20, ವಿಷಯಕ್ಕೆ 20, ಅಚ್ಚುಕಟ್ಟಿಗೆ 20. ಮೂರು ಜನ ತೀರ್ಪುಗಾರರು ಎರಡು ಸಂಜೆ ಮೆಟ್ಟಿಲು ಹತ್ತಿ ಇಳಿದೆವು.

ಒಂದು ಮನೆಯಲ್ಲಿ ಹಾಲ್‌ನ ಅರ್ಧ ಭಾಗ ಗೋದಲಿಯೇ. ಪಂಪು ಇಟ್ಟು ಜಲಪಾತ ಹರಿಸಿದ್ದಾರೆ. ಬಣ್ಣ ಬದಲಾಯಿಸುವ ದೀಪಗಳು. ಪ್ಲಾಸ್ಟಿಕ್ ಹುಲ್ಲಿನ ಚಾಪೆ, ಅದರ ಮೇಲೆ ಹತ್ತಿಯ ಹಿಮ. ಹೊರಗೆ ಮುಂಬಯಿಯ ಸೆಕೆ, ಒಳಗೆ ಫ್ಯಾನು ತಿರುಗಿದಂತೆಲ್ಲ ಹಿಮ ಹಾರುತ್ತಿತ್ತು. ಮನೆಯ ಹುಡುಗ, ಏಳೆಂಟು ವರ್ಷದವನು, ಸೋಫಾದ ತುದಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದ. "ಇದರಲ್ಲಿ ನೀನು ಎಂತ ಮಾಡಿದ್ದು ಮಗಾ?" ಎಂದು ಕೇಳಿದೆ. ಉತ್ತರ ಅವನ ತಾಯಿಯಿಂದ ಬಂತು: "ಅವನು ಮುಟ್ಟಿದರೆ ಹಾಳು ಮಾಡ್ತಾನೆ ಅಂಕಲ್. ಆರ್ಡರ್ ಕೊಟ್ಟು ಮಾಡಿಸಿದ್ದು."

ಇನ್ನೊಂದು ಮನೆ, ಚಾಳಿನ ಒಂದೇ ಕೋಣೆ. ಚಪ್ಪಲಿಯ ಡಬ್ಬಿಯನ್ನು ಅಡ್ಡ ಮಲಗಿಸಿ ಕೊಟ್ಟಿಗೆ ಮಾಡಿದ್ದರು. ಮಣ್ಣಿನ ಕುರಿಗಳಿಗೆ ಬೆಂಕಿಕಡ್ಡಿಯ ಕಾಲು. ರಾಗಿ ಮೊಳಕೆ ಬರಿಸಿ ಹುಲ್ಲು ಮಾಡಿದ್ದರು, ನೀರು ಹೆಚ್ಚಾಗಿ ಅರ್ಧ ಅಡ್ಡಬಿದ್ದಿತ್ತು. ಒಬ್ಬ ಕುರುಬನಿಗೆ ತಲೆ ಇಲ್ಲ. ಯಾಕೆಂದರೆ ತಂಗಿ ತುಳಿದಳು ಎಂದು ಅಣ್ಣ, ಅವನೇ ದಾರಿಯಲ್ಲಿ ಇಟ್ಟಿದ್ದ ಎಂದು ತಂಗಿ. ಆಡು ಯಾವುದು, ಕುರಿ ಯಾವುದು, ದೇವದೂತ ಮೊದಲು ಯಾರ ಹತ್ತಿರ ಬಂದ, ಮೂವರು ಜ್ಞಾನಿಗಳು ಯಾಕೆ ಇನ್ನೂ ಕಪಾಟಿನ ಮೇಲೆ ದೂರದಲ್ಲಿ ಇದ್ದಾರೆ (ಅವರು ಮುಟ್ಟುವುದು ಜನವರಿ 6ಕ್ಕಲ್ಲವಾ!) ಎಂದು ಇಬ್ಬರೂ ಪೈಪೋಟಿಯಲ್ಲಿ ಹೇಳಿದರು. ನಾವು ಹೊರಡುವಾಗ ತಾಯಿ ಒಂದು ತಟ್ಟೆ ಕಿಡಿಯೊ ಕೊಟ್ಟಳು. ಒಂದೊಂದು ಒಂದೊಂದು ಗಾತ್ರ. ಮಕ್ಕಳದ್ದೇ ಕೈ ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಹಾಳೆಯ ಪ್ರಕಾರ ಮೊದಲನೆಯದಕ್ಕೆ 92, ಎರಡನೆಯದಕ್ಕೆ 31. ನಾನು ಜಗಳ ಮಾಡಿದೆ. "ನಿಯಮದಲ್ಲಿ ಮಕ್ಕಳು ಮಾಡಿರಬೇಕು ಅಂತ ಎಲ್ಲುಂಟು?" ಎಂದು ಜೊತೆಯವರೊಬ್ಬರು ಕೇಳಿದರು. ಹೌದು, ಎಲ್ಲೂ ಇರಲಿಲ್ಲ. ಹಾಳೆಗೆ ಸಹಿ ಹಾಕದೆ ಎದ್ದುಬಂದೆ. ಬ್ಯಾಂಕಿನ ನೌಕರಿಯಲ್ಲಿ ಒಮ್ಮೆಯೂ ಮಾಡದ ಕೆಲಸವನ್ನು ಅರುವತ್ತು ದಾಟಿದ ಮೇಲೆ ಮಾಡಿದೆ.

ಮುದುಕನಿಗೆ ಬೇರೆ ಕೆಲಸವಿಲ್ಲ ಎಂದು ಕೆಲವರು ನಕ್ಕರಂತೆ. ನಗಲಿ. ಆದರೆ ಈ ವಿಷಯ ಒಂದು ಬಹುಮಾನದ್ದಲ್ಲ. ಊರು ಬಿಟ್ಟು ಬಂದ ನಮ್ಮಂಥವರ ಮಕ್ಕಳಿಗೆ ಊರು ಎಂಬುದು ಸಿಗುವ ದಾರಿ ಯಾವುದು? ಭಾಷೆ ಅರ್ಧ ಹೋಯಿತು. ಮನೆಮಾತು ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ, ಬೀದಿಯದ್ದು ತುಳು. ಹೀಗೆ ಮೂರು ಭಾಷೆ ಹೊತ್ತು 1983ರಲ್ಲಿ ಕಿನ್ನಿಗೋಳಿ ಕಡೆಯಿಂದ ಬಂದವನು ನಾನು. ನನ್ನ ಮಗನಿಗೆ ಉಳಿದದ್ದು ಮುರುಕು ಕೊಂಕಣಿ. ಮೊಮ್ಮಗಳಿಗೆ ಅದೂ ಇಲ್ಲ. ನನ್ನನ್ನು 'ಅಜ್ಜ' ಎಂದು ಕರೆಯುವುದೊಂದನ್ನು ಹಠ ಹಿಡಿದು ಕಲಿಸಿದ್ದೇನೆ. ಜಮೀನು ಪಾಲಾಗಿ ಹೋಯಿತು. ಉಳಿದದ್ದು ಹಬ್ಬ. ಅದನ್ನೂ ಆರ್ಡರ್ ಕೊಟ್ಟು ತರಿಸಿದರೆ ಮಗುವಿನ ಪಾಲಿಗೆ ಎಂತ ಉಳಿಯಿತು ಮಾರಾಯ್ರೆ?

ನಮ್ಮ ಊರಿನಲ್ಲಿ ಮಕ್ಕಳಿಲ್ಲದೆ ಹಬ್ಬವೇ ಇರಲಿಲ್ಲ. ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ, ನಮಗೆ ಮೊಂತಿ ಹಬ್ಬ. ತೆನೆಹಬ್ಬವೆಂದೂ ಹೇಳುತ್ತೇವೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 18ನೇ ಶತಮಾನದಲ್ಲಿ ಗೋವೆಯಿಂದ ಬಂದ ಮಿರಾಂದ ಎಂಬ ಪಾದ್ರಿಗಳು ಇದನ್ನು ಶುರು ಮಾಡಿದರೆಂದು ಹಿರಿಯರು ಹೇಳುತ್ತಾರೆ. ಅದಕ್ಕೆ ಮುಂಚೆ ಒಂಬತ್ತು ದಿನ ನೊವೆನಾ. ಮಕ್ಕಳ ಕೆಲಸ ಹೂ ತರುವುದು. ಅಂಗಡಿಯ ಹೂ ಅಲ್ಲ. ಬೇಲಿಯ ದಾಸವಾಳ, ಗುಡ್ಡದ ಕೇಪುಳ, ಗದ್ದೆಯ ಬದುವಿನಲ್ಲಿ ಸಿಕ್ಕಿದ್ದು. ಮಳೆಯಲ್ಲಿ ನೆನೆದುಕೊಂಡು, ಪಕ್ಕದ ಮನೆಯವರ ಬೈಗುಳ ತಿಂದು, ಬುಟ್ಟಿ ತುಂಬಿಸಿ, ಸಾಲಾಗಿ ಹೋಗಿ ಬಾಲೆ ಮರಿಯಮ್ಮನ ಮೂರ್ತಿಗೆ ಎರಚುವುದು. ಹಬ್ಬದ ದಿನ ಹೂ ತಂದ ಮಕ್ಕಳಿಗೆ ಕಬ್ಬು. ಆ ಕಬ್ಬಿನ ಆಸೆಗೇ ಒಂಬತ್ತು ದಿನ ಹೋದದ್ದು, ಸುಳ್ಳು ಯಾಕೆ ಹೇಳಲಿ.

ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಒಂದು. ಮನೆಗೆ ಬಂದು ಕಾಳುಗಳನ್ನು ಉಗುರಿನಿಂದ ಸುಲಿದು ಅಕ್ಕಿ ತೆಗೆಯುವುದು ಮಕ್ಕಳ ಕೆಲಸ. ದೊಡ್ಡವರ ಉಗುರಿಗೆ ಅದು ಸರಿಯಾಗಿ ಬರುವುದಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದರು. ನಿಜವಿರಲಿಕ್ಕಿಲ್ಲ, ನಮ್ಮನ್ನು ಕೂರಿಸುವ ಉಪಾಯ. ಆ ನಾಲ್ಕು ಕಾಳು ಅಕ್ಕಿ ಪಾಯಸಕ್ಕೆ ಬೀಳಬೇಕು, ತಂದೆ ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚಬೇಕು. ಆಮೇಲೆ ಬಾಳೆಲೆಯ ಊಟ, ಮೀನು ಮಾಂಸ ಇಲ್ಲ, ಹರಿವೆ, ಹೀರೆ, ಬೆಂಡೆ, ಕೆಸುವು ಎಂದು ತರಕಾರಿಯ ಪದಾರ್ಥ ಐದೋ ಏಳೋ. ಧರ್ಮೋಪದೇಶದ ಪುಸ್ತಕದಲ್ಲಿ ಕೃತಜ್ಞತೆ ಎಂಬ ಪಾಠ ಇತ್ತು. ಅದರ ಒಂದು ಸಾಲೂ ನನಗೆ ನೆನಪಿಲ್ಲ. ಹಸಿ ಭತ್ತದ ಹಾಲು ಉಗುರಿನ ಸಂದಿಯಲ್ಲಿ ಅಂಟಿದ್ದು ನೆನಪುಂಟು.

ಗರಿಗಳ ಭಾನುವಾರ ತೆಂಗಿನ ಸುಳಿಗರಿಯಿಂದ ಶಿಲುಬೆ ಹೆಣೆಯುವುದನ್ನು ಅಣ್ಣ ಕಲಿಸಿದ. ಆ ಒಣಗಿದ ಗರಿಗಳನ್ನೇ ಮರುವರ್ಷ ಸುಟ್ಟು ಬೂದಿ ಬುಧವಾರದ ಬೂದಿ ಮಾಡುತ್ತಾರೆ ಎಂಬುದನ್ನು ಯಾರೂ ಪಾಠ ಮಾಡಲಿಲ್ಲ. ಮನೆಯ ಗರಿ ಒಟ್ಟುಮಾಡಿ ಚರ್ಚಿಗೆ ಕೊಂಡುಹೋಗಿ ಕೊಟ್ಟವನಿಗೆ, ಹಣೆಗೆ ಬೂದಿ ಬಿದ್ದಾಗ ಅದು ಎಲ್ಲಿಯದು ಎಂದು ಗೊತ್ತಾಗುತ್ತದೆ.

ಇಷ್ಟೆಲ್ಲ ದೊಡ್ಡ ಬಾಯಿ ಮಾಡುವ ನಾನು ನನ್ನ ಮಗನಿಗೆ ಎಂತ ಮಾಡಿದೆ? ಈ ಪ್ರಶ್ನೆಯನ್ನು ಬೇರೆಯವರು ಕೇಳುವ ಮೊದಲು ನಾನೇ ಕೇಳಿಕೊಳ್ಳುವುದು ಒಳ್ಳೆಯದು. ಹೆಚ್ಚು ಏನೂ ಮಾಡಲಿಲ್ಲ. ಪ್ರಮೋಷನ್ ಬೇಕಿತ್ತು, ಟ್ರಾನ್ಸ್‌ಫರ್ ಬಂತು, ನಾಗಪುರ, ಚೆನ್ನೈ, ಮತ್ತೆ ಮುಂಬಯಿ. ಡಿಸೆಂಬರ್ ತಿಂಗಳೆಂದರೆ ನನಗೆ ವಸೂಲಿಯ ಟಾರ್ಗೆಟ್. ಕ್ರಿಸ್ಮಸ್ ಹಿಂದಿನ ಸಂಜೆ ಬಾಂದ್ರಾದ ಬೇಕರಿಯಿಂದ ಕೇಕು, ಕುಸ್ವಾರಿನ ಪೊಟ್ಟಣ ಹಿಡಿದು ಲೋಕಲ್ ಹತ್ತಿ ಬರುತ್ತಿದ್ದೆ. ಅಷ್ಟಕ್ಕೆ ನನ್ನ ಹಬ್ಬ ಮುಗಿಯಿತು ಎಂದು ಲೆಕ್ಕ. ಹೆಂಡತಿ ಮಾತ್ರ ಆ ಪೊಟ್ಟಣವನ್ನು ನೆರೆಯವರಿಗೆ ಹಂಚಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೈದಾ ಕಲಸುತ್ತಿದ್ದಳು. "ಅಂಗಡಿಯಲ್ಲಿ ಸಿಗುವುದಿಲ್ಲವಾ? ಸುಮ್ಮನೆ ಮನೆಯೆಲ್ಲ ಹಿಟ್ಟು" ಎಂದು ನಾನು ಗೊಣಗಿದ್ದುಂಟು.

ಅವಳು 2016ರಲ್ಲಿ ತೀರಿಹೋದಳು. ಆ ವರ್ಷ ಹಬ್ಬ ಇಲ್ಲ. ಮರುವರ್ಷದ ಡಿಸೆಂಬರಿನಲ್ಲಿ ಒಂದು ರಾತ್ರಿ ಅಡಿಗೆಮನೆಯಲ್ಲಿ ದೀಪ ಕಂಡು ಹೋದೆ. ಮಗ ಕೂತಿದ್ದ. ಮೈದಾ, ಮೊಟ್ಟೆ, ತೆಂಗಿನ ಹಾಲು ಹಾಕಿ ಕಲಸಿದ ಹಿಟ್ಟು ಮುಂದೆ. ಕೈಯಲ್ಲಿ ಹೊಸ ಬಾಚಣಿಗೆ. ಅಮ್ಮ ಬರೆದಿಟ್ಟ ಅಳತೆ ಎಲ್ಲೂ ಇರಲಿಲ್ಲ, ಅವಳು ಬರೆದವಳೇ ಅಲ್ಲ. ಆದರೆ ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ ಹಿಡಿದು, ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಒಂದು ಎಳೆತಕ್ಕೆ ಸುರುಳಿ ಸುತ್ತಿ ಬೀಳಿಸುವ ಆ ಒಂದು ಚಲನೆ ಅವನ ಬೆರಳಲ್ಲಿ ಹಾಗೇ ಇತ್ತು. ಅವಳದ್ದೇ ಬೆರಳು. ಕೊಂಕಣಿಯಲ್ಲಿ ಒಂದು ವಾಕ್ಯ ನೆಟ್ಟಗೆ ಮುಗಿಸಲಾರದ ಹುಡುಗ! "ಪಪ್ಪಾ, ಸಕ್ಕರೆಪಾಕ ಎಷ್ಟು ದಪ್ಪ?" ಎಂದು ನನ್ನನ್ನು ಕೇಳಿದ. ನನಗೆ ಗೊತ್ತಿರಲಿಲ್ಲ. ಮೂವತ್ತು ಕ್ರಿಸ್ಮಸ್ ಆ ಮನೆಯಲ್ಲಿ ತಿಂದವನಿಗೆ ಗೊತ್ತಿರಲಿಲ್ಲ.

ಹಾಗಾಗಿ "ನಮಗೆ ಟೈಮ್ ಎಲ್ಲಿ ಅಂಕಲ್?" ಎಂದು ಕೇಳುವ ಇಂದಿನ ತಂದೆತಾಯಿಗಳ ಮೇಲೆ ನನಗೆ ಸಿಟ್ಟಿಲ್ಲ, ಆದರೆ ನಂಬಿಕೆಯೂ ಇಲ್ಲ. ಅದೇ ಮಾತನ್ನು ಅವರಿಗಿಂತ ಚೆನ್ನಾಗಿ ನಾನು ಹೇಳಿದ್ದೇನೆ. ವಸಾಯಿಯಿಂದ ಚರ್ಚ್‌ಗೇಟಿಗೆ ದಿನಾ ಹೋಗಿ ಬರುವ ಕಷ್ಟ ಗೊತ್ತುಂಟು. ಆದರೆ ಒಂದು ಹಿಡಿ ರಾಗಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಳೇ ಬಿಸ್ಕತ್ತು ಡಬ್ಬಿಯ ಮುಚ್ಚಳದಲ್ಲಿ ಮಣ್ಣು ಹರಡಿ ಚೆಲ್ಲುವುದಕ್ಕೆ ಎಷ್ಟು ಹೊತ್ತು ಬೇಕು? ದಿನಾ ನೀರು ಚಿಮುಕಿಸುವುದು ಮಗುವೇ ಮಾಡುತ್ತದೆ. ಹತ್ತು ಹನ್ನೆರಡು ದಿನಕ್ಕೆ ಗೋದಲಿಗೆ ಹುಲ್ಲು ಸಿದ್ಧ. ಮೂರನೆಯ ದಿನ ಬಿಳಿ ಮೊಳಕೆ ಕಂಡಾಗ ಮಗು ಕೂಗುವ ಕೂಗು ಪ್ಲಾಸ್ಟಿಕ್ ಚಾಪೆಯ ಜೊತೆ ಬರುವುದಿಲ್ಲ.

ಇನ್ನು ಕೆಲವು ಭಕ್ತರಿದ್ದಾರೆ. ಅವರದು ಇನ್ನೊಂದು ತಕರಾರು. ಕಾಗದ ಕತ್ತರಿಸುವುದು, ಮಿಠಾಯಿ ಮಾಡುವುದು ಎಲ್ಲ ಹೊರಗಿನ ಆಡಂಬರ, ಮಕ್ಕಳಿಗೆ ಪ್ರಾರ್ಥನೆ ಕಲಿಸಿ, ಬೈಬಲ್ ಓದಿಸಿ ಎನ್ನುತ್ತಾರೆ. ಓದಿಸಿ, ಬೇಡ ಅಂದವರಾರು? ಆದರೆ ಗೋದಲಿಯ ಕಥೆ ಅವರಿಗೆ ಗೊತ್ತಿದ್ದಂತಿಲ್ಲ. 1223ರ ಕ್ರಿಸ್ಮಸ್‌ಗೆ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ಅಸ್ಸೀಸಿ ಮಾಡಿದ್ದು ಎಂತ? ಒಂದು ಗೊಂತು, ಹುಲ್ಲು, ನಿಜವಾದ ಎತ್ತು, ಕತ್ತೆ. ಮೂರ್ತಿಗಳಿರಲಿಲ್ಲ. ಹಳ್ಳಿಯವರು ದೀವಟಿಗೆ ಹಿಡಿದು ಬಂದು ನಿಂತು ನೋಡಿದರು. ಬೆತ್ಲೆಹೇಮಿನ ಬಡತನವನ್ನು ಕಣ್ಣಾರೆ ಕಾಣಬೇಕು ಎಂಬುದು ಆ ಸಂತನ ಆಸೆ. ಎಂಟುನೂರು ವರ್ಷದ ಮೇಲೆ ನಾವು ಅದಕ್ಕೆ ಪಂಪು ಹಾಕಿ 92 ಅಂಕ ಕೊಟ್ಟೆವು. 2019ರಲ್ಲಿ ಅದೇ ಗ್ರೆಚ್ಚೊಗೆ ಹೋಗಿ ಅಂದಿನ ಪೋಪ್ ಫ್ರಾನ್ಸಿಸ್ ಗೋದಲಿಯ ಬಗ್ಗೆಯೇ ಒಂದು ಪತ್ರಕ್ಕೆ ಸಹಿ ಹಾಕಿದರು. ಮಕ್ಕಳು ತಂದೆತಾಯಿ, ಅಜ್ಜ ಅಜ್ಜಿಯರಿಂದ ಇದನ್ನು ಕಲಿಯುತ್ತಾರೆ, ಈ ರೂಢಿ ಬಿಟ್ಟುಹೋಗಬಾರದು ಎಂಬರ್ಥದ ಮಾತು ಅದರಲ್ಲಿದೆ. ಜಲಪಾತದ ಮಾತು ನನಗೆ ಕಾಣಲಿಲ್ಲ.

ಇಂಟರ್‌ನೆಟ್ಟಿನಲ್ಲಿ ನೋಡಿ ಮಾಡುವವರೂ ಇದ್ದಾರೆ. ಅವರು ಆರ್ಡರ್ ಕೊಡುವವರಿಗಿಂತ ವಾಸಿ, ಮಗುವಿನ ಕೈಗೆ ಕತ್ತರಿಯಾದರೂ ಸಿಗುತ್ತದೆ. ಆದರೆ ಹಿಮದ ಮನುಷ್ಯನನ್ನೇ ಯಾಕೆ ಮಾಡಬೇಕು? ಬಿದಿರಿನ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟಿನ ನಕ್ಷತ್ರ ಮಾಡಿ. ಪಕ್ಕದ ಮನೆಯ ಮರಾಠಿ ಹುಡುಗ ದೀಪಾವಳಿಯ ಕಂದೀಲಿಗೆ ಮಾಡಿದ ಗಂಟನ್ನೇ ಇಲ್ಲಿಯೂ ಹಾಕಬಹುದು. ಹೋದ ವರ್ಷ ನಮ್ಮ ಮನೆಯಲ್ಲಿ ಅವನೇ ಬಂದು ಹಾಕಿಕೊಟ್ಟ. ಅವನ ತಾಯಿ ಕೊಡುವ ಕರಂಜಿಯೂ ನಮ್ಮ ನೆವ್ರಿಯೂ ಅಕ್ಕತಂಗಿಯರು ಎಂದು ಮೊಮ್ಮಗಳು ತಿಂದೇ ಕಂಡುಹಿಡಿದಳು. ಪಾಸ್ಖಕ್ಕೆ ಇಲ್ಲಿಯ ಕೆಥೊಲಿಕರು ಗೋಡಂಬಿಯ ಮಾರ್ಜಿಪಾನ್ ಮೊಟ್ಟೆ ಮಾಡುತ್ತಾರೆ. ಅದು ನಮ್ಮ ಊರಿನದ್ದಲ್ಲ, ಈ ಊರಿನದ್ದು. ಅದನ್ನೂ ಕಲಿಯಲಿ. ಮಗು ಹುಟ್ಟಿದ್ದು ಇಲ್ಲಿ.

ನನ್ನ ಬೇಡಿಕೆ ಸಣ್ಣದು, ಚರ್ಚಿನ ಸಮಿತಿಗೆ ಬರೆದು ಕೊಟ್ಟಿದ್ದೇನೆ. ಹನ್ನೆರಡು ವರ್ಷದೊಳಗಿನವರ ಕೈಯಿಂದ ಆಗದ ಗೋದಲಿಯನ್ನು ಸ್ಪರ್ಧೆಗೆ ತೆಗೆದುಕೊಳ್ಳಬೇಡಿ. ದೊಡ್ಡವರಿಗೆ ಬೇಕಾದರೆ ಬೇರೆ ಸ್ಪರ್ಧೆ ಇಡಿ, ಹೊಡೆದಾಡಿಕೊಳ್ಳಲಿ. ಅಂದ, ಅಚ್ಚುಕಟ್ಟು ಎಂಬ ಕಾಲಂ ತೆಗೆದುಹಾಕಿ. ತೀರ್ಪುಗಾರರು ಮಗುವಿನ ಎದುರು ಕೂತು, ಯಾವುದನ್ನು ಹೇಗೆ ಮಾಡಿದ್ದು ಎಂದು ಅದರ ಬಾಯಿಂದಲೇ ಕೇಳಲಿ. ಸಾಧ್ಯವಾದರೆ ಬಹುಮಾನವನ್ನೇ ನಿಲ್ಲಿಸಿ, ಬಂದ ಮಕ್ಕಳಿಗೆಲ್ಲ ಒಂದೊಂದು ತುಂಡು ಕಬ್ಬು ಕೊಡಿ. ಮುಂದಿನ ಸಭೆಯಲ್ಲಿ ಇಡುತ್ತೇವೆ ಎಂದಿದ್ದಾರೆ. ಆ ಮಾತಿನ ಅರ್ಥ ಬ್ಯಾಂಕಿನಲ್ಲಿ ಇದ್ದವನಿಗೆ ಚೆನ್ನಾಗಿ ಗೊತ್ತು.

ಈ ಸೆಪ್ಟೆಂಬರಿನಲ್ಲಿ ತಮ್ಮ ಊರಿನಿಂದ ಬರುವವರ ಕೈಯಲ್ಲಿ ಎರಡು ತೆನೆ ಕಳಿಸಿದ್ದ. ಮೊಮ್ಮಗಳು ನೆಲದ ಮೇಲೆ ಕೂತು ಒಂದು ಗಂಟೆ ಸುಲಿದಳು. ಹನ್ನೊಂದು ಕಾಳು ಆಯಿತು, ಮೂರು ಸೋಫಾದ ಅಡಿಗೆ ಹೋದವು. "ಅಜ್ಜ, ನಿಮ್ಮ ಉಗುರು ದೊಡ್ಡದು, ನಿಮಗೆ ಬರಲ್ಲ" ಎಂದು ಹಿಂದಿಯಲ್ಲಿ ಹೇಳಿದಳು. ನಾನು ಒಪ್ಪಿಕೊಂಡು ಸುಮ್ಮನೆ ಕೂತೆ.